ಸರ್ಟಿಫಿಕೇಟಿನಿಂದ ಹಾಜರಿ ಪುಸ್ತಕದವರೆಗೆ

(ಕಂಪನಿಗಳ ನೇಮಕಾತಿ ವಿಭಾಗದವರು ಮತ್ತು ಉದ್ಯೋಗ ತರಬೇತಿ ನಡೆಸುವ ಲಾಭರಹಿತ ಸಂಸ್ಥೆಗಳವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಕೆಲಸಕ್ಕೆ ಜನ ಸಿಗುತ್ತಿಲ್ಲ ಅನ್ನುವವರು ಈ ಸಭೆಯ ಒಂದು ಕಡೆ ಕೂತಿದ್ದೀರಿ, ಕಲಿತವರಿಗೆ ಕೆಲಸ ಸಿಗುತ್ತಿಲ್ಲ ಅನ್ನುವವರು ಇನ್ನೊಂದು ಕಡೆ. ಎರಡೂ ದೂರು ನಿಜ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, ಒಡಂಬಡಿಕೆಗೆ ಸಹಿ ಹಾಕಿಸಿ, ಫೋಟೊ ತೆಗೆಸಿಕೊಂಡ ಮೇಲೂ ಎಷ್ಟೋ ಒಪ್ಪಂದಗಳು ಒಂದೆರಡು ಬ್ಯಾಚಿಗೇ ತಣ್ಣಗಾಗುತ್ತವೆ. ಅವು ಕೆಡುವ ಜಾಗಗಳು ಮುಖ್ಯವಾಗಿ ಎರಡು. ಒಂದು, ತರಗತಿ ಶುರುವಾಗುವ ಮೊದಲು ಕೆಲಸದ ವಿವರ ಬರೆಯುವ ಮೇಜು. ಇನ್ನೊಂದು, ಕೆಲಸಕ್ಕೆ ಸೇರಿದ ದಿನದಿಂದ ಮೊದಲ ಸಂಬಳ ಕೈಗೆ ಬರುವವರೆಗಿನ ದಿನಗಳು. ನಡುವಿನ ತರಗತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾವು ಇವತ್ತು ಈ ಎರಡು ತುದಿಗಳ ಬಗ್ಗೆ ಹೆಚ್ಚು ಹೇಳುತ್ತೇವೆ.

ಕಂಪನಿಗೆ ಬೇಕಾದ ಕೆಲಸಕ್ಕೆ ಲಾಭರಹಿತ ಸಂಸ್ಥೆ ಜನರನ್ನು ತರಬೇತುಗೊಳಿಸುವ ಈ ಪಾಲುದಾರಿಕೆಯಿಂದ ಫಲ ಉಂಟೇ ಅನ್ನುವ ಪ್ರಶ್ನೆ ಮೊದಲು ಮುಗಿಸೋಣ. ಇಂಥ ತರಬೇತಿಗಳನ್ನು ಚೀಟಿ ಎತ್ತಿ ಪರೀಕ್ಷಿಸಿದ ಅಧ್ಯಯನಗಳು ಹೆಚ್ಚಾಗಿ ಅಮೆರಿಕದಲ್ಲಿ ನಡೆದಿವೆ. ಅರ್ಜಿ ಹಾಕಿದ ಅರ್ಹರಲ್ಲಿ ಚೀಟಿ ಬಂದವರಿಗೆ ತರಬೇತಿ ಕೊಡುತ್ತಾರೆ, ಬಾರದವರ ಗಳಿಕೆಯ ಜೊತೆ ಅವರ ಗಳಿಕೆಯನ್ನು ವರ್ಷಗಟ್ಟಲೆ ಹೋಲಿಸಿ ನೋಡುತ್ತಾರೆ. ಬಾಸ್ಟನ್, ಮಿಲ್ವಾಕಿ, ನ್ಯೂಯಾರ್ಕಿನ ಬ್ರಾಂಕ್ಸ್, ಈ ಮೂರು ಕಡೆಯ ಲಾಭರಹಿತ ಸಂಸ್ಥೆಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿ ಪಡೆದವರು ಎರಡು ವರ್ಷದ ಅವಧಿಯಲ್ಲಿ ಉಳಿದವರಿಗಿಂತ ಶೇಕಡಾ 18ರಷ್ಟು ಹೆಚ್ಚು ಗಳಿಸಿದ್ದರು. ಆ ಲಾಭದ ಬಹುಪಾಲು ಎರಡನೇ ವರ್ಷದ್ದು. ಮೊದಲ ವರ್ಷದ ಒಂದಷ್ಟು ತಿಂಗಳು ಕಲಿಕೆಯಲ್ಲೇ ಹೋಗುವುದರಿಂದ ಆಗ ಗಳಿಕೆ ಕಡಿಮೆಯೇ ಇರುತ್ತದೆ. ಆರು ತಿಂಗಳಿಗೇ ಲೆಕ್ಕ ಕೇಳುವ ದಾನಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ 1992ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಕ್ವೆಸ್ಟ್ ಜನರನ್ನು ಹೆಚ್ಚಾಗಿ ಆಸ್ಪತ್ರೆಯ ಕೆಲಸಗಳಿಗೆ ಸಿದ್ಧಪಡಿಸುತ್ತದೆ. ಅದರ ಅಧ್ಯಯನದಲ್ಲಿ ಗಳಿಕೆಯ ಅಂತರ ಒಂಬತ್ತು ವರ್ಷದ ಮೇಲೂ ಉಳಿದಿತ್ತು.

ಆದರೆ ಇನ್ನೊಂದು ಕಥೆಯೂ ಇದೆ, ನಮಗೆ ಅದೇ ಹೆಚ್ಚು ಮುಖ್ಯ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ 1967ರಲ್ಲಿ ಶುರುವಾದ ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಟ್ರೇನಿಂಗ್‌ನಲ್ಲಿ ಪ್ರವೇಶ ಪರೀಕ್ಷೆ ಇರಲಿಲ್ಲ. ಬ್ಯಾಚಿಗಾಗಿ ಕಾಯದೆ ಬಂದಾಗ ಸೇರಬಹುದಿತ್ತು, ಕೌಶಲ ಬಂದಾಗ ಹೊರಡಬಹುದಿತ್ತು. ಏನು ಕಲಿಸಬೇಕು ಅನ್ನುವುದರಲ್ಲಿ ಸುತ್ತಲಿನ ಉದ್ದಿಮೆದಾರರ ಮಾತು ನಡೆಯುತ್ತಿತ್ತು. ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ ಮಾದರಿಯನ್ನು ಬೇರೆ ಊರುಗಳಿಗೆ ಒಯ್ದು 12 ಜಾಗಗಳಲ್ಲಿ ಪರೀಕ್ಷಿಸಿದರು. ಮೂಲದ ಹಾಗೆ ನಡೆದದ್ದು 4 ಕಡೆ ಮಾತ್ರ. ಒಟ್ಟಾರೆ ನೋಡಿದರೆ ಬಾಳಿಕೆಯ ಲಾಭ ಕಾಣಲಿಲ್ಲ. ನಾವು ಇದನ್ನು ಓದಿಕೊಳ್ಳುವುದು ಹೀಗೆ: ಪಠ್ಯವನ್ನು, ವೇಳಾಪಟ್ಟಿಯನ್ನು, ಫಾರಂಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸಬಹುದು. ಒಂದೇ ಊರಿನಲ್ಲಿ ವರ್ಷಗಟ್ಟಲೆ ಕಾರ್ಖಾನೆಗಳ ಒಳಹೊರಗು ಅರಿತ ಮೇಲೆ ಬರುವ ತಿಳಿವಳಿಕೆ ಆ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.

ಕೆಲಸದ ವಿವರ ಯಾರು ಬರೆಯುತ್ತಾರೆ?

ಗೋದಾಮಿಗೆ ಸರಕು ಆಯ್ದು ಕೊಡುವವರು ಬೇಕು ಎಂಬ ಜಾಹೀರಾತು ತೆಗೆದುಕೊಳ್ಳಿ. "ಪದವೀಧರರು, ಕಂಪ್ಯೂಟರ್ ಜ್ಞಾನ ಇರಬೇಕು, ಎರಡು ವರ್ಷದ ಅನುಭವ." ಈಗ ಅದೇ ಗೋದಾಮಿನೊಳಗೆ ಹೋಗಿ ಒಂದು ಶಿಫ್ಟ್ ನಿಂತು ನೋಡಿ. ಕೈಯಲ್ಲೊಂದು ಸ್ಕ್ಯಾನರ್. ಪರದೆಯ ಮೇಲೆ "ಬಿ-07-3-12" ಎಂದು ಬರುತ್ತದೆ, ಅಂದರೆ ಬಿ ಓಣಿ, 7ನೇ ರ‍್ಯಾಕ್, 3ನೇ ಅಂತಸ್ತು, 12ನೇ ಡಬ್ಬಿ. ಅಲ್ಲಿಗೆ ಹೋಗಿ ಡಬ್ಬಿಯ ಚೀಟಿಯನ್ನು ಸ್ಕ್ಯಾನ್ ಮಾಡಿ, ಆಮೇಲೆ ವಸ್ತುವನ್ನು ಸ್ಕ್ಯಾನ್ ಮಾಡಿ, ಎಣಿಸಿ ಬುಟ್ಟಿಗೆ ಹಾಕಬೇಕು. ಇದರಲ್ಲಿ ಪದವಿ ಎಲ್ಲಿ ಬೇಕಾಯಿತು? ನಿಜವಾಗಿ ಬೇಕಾದದ್ದು ಅಂಕಿ ತಪ್ಪದೆ ಓದುವ ಕಣ್ಣು, ಶಿಫ್ಟ್ ಪೂರ್ತಿ ನಿಂತು ನಡೆಯುವ ತ್ರಾಣ, ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಪೆಟ್ಟಿಗೆ ಎತ್ತುವ ಅಭ್ಯಾಸ. ಇನ್ನೊಂದಿದೆ, ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ: ಪಕ್ಕದ ಡಬ್ಬಿಯ ವಸ್ತು ಕೈಗೆ ಬಂದಾಗ ಸ್ಕ್ಯಾನರ್ ಕಿರುಗುಟ್ಟಿದರೆ ಅದನ್ನು ಒತ್ತಿ ಸುಮ್ಮನಾಗಿಸದೆ ನಿಂತು ನೋಡುವ ಬುದ್ಧಿ. ಗೋದಾಮಿನ ತಪ್ಪು ರವಾನೆಗಳಿಗೆ ಹಾದಿಯಾಗುವುದು ಆ ಒಂದು ಕ್ಷಣ.

ಎಚ್‌ಆರ್ ವಿಭಾಗದ ಕಡತದಲ್ಲಿರುವ ವಿವರವನ್ನು ಇಮೇಲಿನಲ್ಲಿ ಕಳಿಸಿ "ಇದಕ್ಕೆ ತಕ್ಕ ಹಾಗೆ ತರಬೇತಿ ಕೊಡಿ" ಅನ್ನುವುದು ಮೊದಲ ತಪ್ಪು. ಆ ಕಡತ ಹಳೆಯದು, ಅದನ್ನು ಬರೆದವರು ಕೆಲಸ ಮಾಡುವವರಲ್ಲ. ಕೆಲಸ ಬಿಡಿಸಿ ನೋಡುವುದಕ್ಕೆ ಒಂದು ಗಟ್ಟಿ ಪದ್ಧತಿ ಇದೆ. 1960ರ ದಶಕದ ಕೊನೆಯಲ್ಲಿ ಕೆನಡಾದಲ್ಲಿ ರೂಪುಗೊಂಡ ಅದಕ್ಕೆ ಡೇಕಮ್ ಎಂದು ಹೆಸರು. ಕೆಲಸದಲ್ಲಿ ಪಳಗಿದ 5ರಿಂದ 12 ಜನರನ್ನು ಸುಮಾರು ಎರಡು ದಿನ ಕೂರಿಸಿ, ಮಾಡುವ ಒಂದೊಂದು ಕೆಲಸವನ್ನೂ ಒಂದೊಂದು ಕಾರ್ಡಿನಲ್ಲಿ ಬರೆಸಿ ಗೋಡೆಗೆ ಅಂಟಿಸುತ್ತಾ ಹೋಗುತ್ತಾರೆ. ಎರಡು ದಿನ ಬಿಡುವು ಕೊಡಲು ಆಗದ ಸಣ್ಣ ಉದ್ದಿಮೆಗೆ ಇದರ ಅರ್ಧ ದಿನದ ಚಿಕ್ಕ ರೂಪ ಸಾಕು: ಒಬ್ಬ ಸೂಪರ್‌ವೈಸರ್, ಒಬ್ಬ ಹಳೆಯ ಕೈ, ಮತ್ತೊಬ್ಬರು ಕಳೆದ ವರ್ಷವಷ್ಟೇ ಸೇರಿದವರು. ಈ ಮೂರನೆಯವರನ್ನು ಬಿಡಬೇಡಿ. ಹಳೆಯ ಕೈಗೆ ಎಲ್ಲವೂ ಸಲೀಸು, ತಾನು ಎಲ್ಲಿ ಎಡವಿದ್ದೆ ಎಂಬುದು ಮರೆತಿರುತ್ತದೆ.

ಪ್ರತಿ ಕಾರ್ಡಿಗೆ ನಾಲ್ಕು ಪ್ರಶ್ನೆ. ದಿನಕ್ಕೆ ಎಷ್ಟು ಸಲ ಮಾಡಬೇಕು? ಯಾವ ಸಲಕರಣೆ? ತಪ್ಪಿದರೆ ಏನಾಗುತ್ತದೆ? ಹೊಸಬರು ಇದನ್ನು ಒಬ್ಬರೇ ಮಾಡುವ ಹಾಗೆ ಆಗಲು ಎಷ್ಟು ದಿನ ಹಿಡಿಯುತ್ತದೆ? ಆಮೇಲೆ ಕಾರ್ಡುಗಳನ್ನು ಮೂರು ಗುಂಪು ಮಾಡಿ: ಸೇರುವ ದಿನವೇ ಬರಬೇಕಾದ್ದು, ಮೊದಲ ತಿಂಗಳು ಕೆಲಸದಲ್ಲೇ ಕಲಿಯುವಂಥದ್ದು, ಬೇಡವೇ ಬೇಡದ್ದು. ಜಾಹೀರಾತಿನಲ್ಲಿದ್ದ ಅರ್ಧ ಷರತ್ತುಗಳು ಮೂರನೇ ಗುಂಪಿಗೆ ಬಿದ್ದರೆ ಆಶ್ಚರ್ಯಪಡಬೇಡಿ. ತರಬೇತಿ ಸಂಸ್ಥೆಗೆ ಕೊಡಬೇಕಾದ್ದು ಮೊದಲ ಗುಂಪು ಮಾತ್ರ. ಎರಡನೆಯದನ್ನೂ ತರಗತಿಗೆ ತುರುಕಿದರೆ 12 ವಾರದ ತರಬೇತಿ 20 ವಾರವಾಗುತ್ತದೆ, ಮನೆಯಲ್ಲಿ ಒಲೆ ಉರಿಯಬೇಕಾದವರು ನಡುವೆಯೇ ಬಿಟ್ಟುಹೋಗುತ್ತಾರೆ.

ಕೆಲಸದ ಕಹಿಯನ್ನೂ ಬರೆಯಿರಿ. ರಾತ್ರಿ ಪಾಳಿ ಇದೆಯೇ, ಶೀತಲ ಕೋಣೆಯೇ, ಸದ್ದು ಎಷ್ಟು, ಕೂರಲು ಬಿಡುವು ಯಾವಾಗ, ಶೌಚಾಲಯ ಎಷ್ಟು ದೂರ, ಬೆಳಗಿನ ಪಾಳಿಗೆ ಮೊದಲ ಬಸ್ ತಲುಪುತ್ತದೆಯೇ. ಆರು ಗಂಟೆಗೆ ಪಾಳಿ ಶುರು, ಮೊದಲ ಬಸ್ ಗೇಟಿಗೆ ಬರುವುದು ಆರೂ ಹತ್ತಕ್ಕೆ ಅಂದರೆ, ಎಂಥ ಒಳ್ಳೆಯ ತರಬೇತಿಯೂ ಆ ಹತ್ತು ನಿಮಿಷವನ್ನು ತುಂಬಿಕೊಡಲಾರದು. ಇದನ್ನು ಮುಚ್ಚಿಟ್ಟರೆ ಸತ್ಯ ತಿಳಿಯುವುದು ಸೇರಿದ ಮೂರನೇ ದಿನ, ಅಷ್ಟರಲ್ಲಿ ಎರಡೂ ಕಡೆಯ ಖರ್ಚು ಆಗಿಹೋಗಿರುತ್ತದೆ.

ಯಂತ್ರ ದಾನದ ಬಗ್ಗೆ ಒಂದು ಮಾತು

ಕಂಪನಿಗಳು ಉದಾರವಾಗಿ ಹಳೆಯ ಯಂತ್ರಗಳನ್ನು ತರಬೇತಿ ಕೇಂದ್ರಕ್ಕೆ ಕೊಡುತ್ತವೆ. ಹೆಚ್ಚಾಗಿ ಅದು ಗುಜರಿಗೆ ಹೋಗಬೇಕಾಗಿದ್ದ ಯಂತ್ರ. ಕಲಿಯುವವರು ಅದರ ಮೇಲೆ ಕೈ ಪಳಗಿಸಿ ಬಂದರೆ ಒಳಗೆ ಇನ್ನೊಂದು ತಲೆಮಾರಿನ ಯಂತ್ರ ನಿಂತಿರುತ್ತದೆ. ಕೊಡುವುದಾದರೆ ದೊಡ್ಡ ಯಂತ್ರಕ್ಕಿಂತ ಚಿಕ್ಕ ವಸ್ತುಗಳನ್ನು ಕೊಡಿ: ದಿನಾ ಬಳಸುವ ಅಳತೆ ಉಪಕರಣ, ತಿರಸ್ಕೃತ ಬಿಡಿಭಾಗಗಳ ಒಂದು ಪೆಟ್ಟಿಗೆ, ನೀವು ತುಂಬುವ ಅಸಲಿ ಫಾರಂಗಳ ಖಾಲಿ ಪ್ರತಿ. ತಿರಸ್ಕೃತ ಭಾಗಗಳ ಪೆಟ್ಟಿಗೆಯಷ್ಟು ಒಳ್ಳೆಯ ಪಠ್ಯಪುಸ್ತಕ ಇನ್ನೊಂದಿಲ್ಲ. ನಿಮ್ಮಲ್ಲಿ ಯಾವುದು ಪಾಸು, ಯಾವುದು ಫೇಲು ಅನ್ನುವುದನ್ನು ಅದು ಕೈಗೇ ಹೇಳಿಕೊಡುತ್ತದೆ.

ಅಳತೆಯ ವಿಷಯ ಬಂದದ್ದಕ್ಕೆ ಒಂದು ಉದಾಹರಣೆ ಹತ್ತಿರದಿಂದ ನೋಡಿ. ತರಬೇತಿ ಕೇಂದ್ರದಲ್ಲಿ 0.02 ಮಿಲಿಮೀಟರ್ ಕನಿಷ್ಠ ಅಳತೆಯ ವರ್ನಿಯರ್ ಕ್ಯಾಲಿಪರ್ ಕಲಿಸಿದ್ದಾರೆ, ಕಾರ್ಖಾನೆಯ ಮೇಜಿನ ಮೇಲಿರುವುದು 0.01ರ ಮೈಕ್ರೋಮೀಟರ್ ಅಂದುಕೊಳ್ಳಿ. ಅದರ ಸ್ಲೀವಿನ (ತಿರುಗದೆ ನಿಲ್ಲುವ ಕೊಳವೆಯ) ಮೇಲೆ ಗೆರೆಯ ಒಂದು ಬದಿಗೆ ಪೂರ್ಣ ಮಿಲಿಮೀಟರ್, ಇನ್ನೊಂದು ಬದಿಗೆ ಅರ್ಧ ಮಿಲಿಮೀಟರ್ ಗುರುತು. ಅದರ ಸುತ್ತ ತಿರುಗುವ ಹೊರಕೊಳವೆಯಾದ ಥಿಂಬಲ್ ಮೇಲೆ 50 ಗುರುತು, ಒಂದು ಪೂರ್ತಿ ಸುತ್ತಿಗೆ ಅರ್ಧ ಮಿಲಿಮೀಟರ್ ಸರಿಯುತ್ತದೆ. ಹೊಸಬರು ಇಲ್ಲಿ ಎರಡು ರೀತಿ ತಪ್ಪುತ್ತಾರೆ. ಅರ್ಧದ ಗೆರೆ ಕಂಡಿದ್ದರೂ ಲೆಕ್ಕಕ್ಕೆ ಹಿಡಿಯದೆ 7.78 ಇರುವುದನ್ನು 7.28 ಎಂದು ಬರೆಯುವುದು ಒಂದು. ಅದಕ್ಕಿಂತ ಮೋಸದ್ದು ಇನ್ನೊಂದು: ಥಿಂಬಲ್ 48ರ ಹತ್ತಿರ ಇರುವಾಗ ಮುಂದಿನ ಅರ್ಧದ ಗೆರೆ ಇನ್ನೂ ಪೂರ್ತಿ ತೆರೆದಿರುವುದಿಲ್ಲ, ಆದರೆ ಅಂಚಿನಲ್ಲಿ ಇಣುಕುತ್ತಿರುತ್ತದೆ. ಅದನ್ನೂ ಕೂಡಿಸಿದರೆ 7.48 ಇದ್ದದ್ದು 7.98 ಆಯಿತು. ಜೊತೆಗೆ ರ‍್ಯಾಚೆಟ್ (ಬಿಗಿತ ಮಿತಿ ಮೀರದಂತೆ ಜಾರುವ ತುದಿಯ ಗುಂಡಿ) ಹಿಡಿದು ತಿರುಗಿಸದೆ ಥಿಂಬಲನ್ನೇ ಬಿಗಿದರೆ ಅಳತೆ ನೂರನೇ ಪಾಲುಗಳಲ್ಲಿ ಕಡಿಮೆ ಬರುತ್ತದೆ. ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಿಸಿ, ಒಂದು ವಾರ ದಿನಕ್ಕೆ ಇಪ್ಪತ್ತು ತುಣುಕು ಅಳೆಸಿದರೆ ಕೂರುವ ವಿಷಯ. ಯಾವ ಉಪಕರಣ ಎಂದು ಮೊದಲೇ ಹೇಳಿದ್ದರೆ ಮಾತ್ರ. ಹೇಳದೆ ಇದ್ದರೆ ಮೊದಲ ವಾರವೇ ಸೂಪರ್‌ವೈಸರ್ ಬಾಯಲ್ಲಿ "ಅಳೆಯಲೂ ಬರದವರನ್ನು ಕಳಿಸಿದ್ದಾರೆ" ಅನ್ನುವ ಮಾತು ಬರುತ್ತದೆ, ಆ ಮಾತು ಮುಂದಿನ ಮೂರು ಬ್ಯಾಚಿಗೆ ಅಂಟಿಕೊಳ್ಳುತ್ತದೆ.

ಎಷ್ಟು ಜನ, ಎಷ್ಟು ವಾರ

ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಆರನೇ ತಿಂಗಳಲ್ಲಿ ನಿಮಗೆ 10 ಜನ ಕೆಲಸದಲ್ಲಿ ಇರಬೇಕು ಅಂದುಕೊಳ್ಳೋಣ. ಸೇರಿದವರಲ್ಲಿ ನೂರಕ್ಕೆ 80 ಜನ ಉಳಿಯುತ್ತಾರೆ ಅಂದರೆ 13 ಜನ ಸೇರಬೇಕು. ಆಫರ್ ಪಡೆದವರಲ್ಲಿ ನೂರಕ್ಕೆ 85 ಜನ ಒಪ್ಪುತ್ತಾರೆ ಅಂದರೆ 16 ಆಫರ್. ಸಂದರ್ಶನಕ್ಕೆ ಬಂದವರಲ್ಲಿ ನೂರಕ್ಕೆ 75 ಜನ ನಿಮಗೆ ಒಪ್ಪಿಗೆಯಾದರೆ 22 ಜನ ತರಬೇತಿ ಮುಗಿಸಬೇಕು. ತರಬೇತಿಗೆ ಸೇರಿದವರಲ್ಲಿ ನೂರಕ್ಕೆ 80 ಜನ ಮುಗಿಸುತ್ತಾರೆ ಅಂದರೆ 28 ಸೀಟು. ಈ ಶೇಕಡಾಗಳು ಲೆಕ್ಕದ ದಾರಿ ತೋರಿಸಲು ಹಿಡಿದವು, ನಿಮ್ಮ ಮೊದಲ ಬ್ಯಾಚ್ ಆದಮೇಲೆ ನಿಮ್ಮವೇ ಅಂಕಿಗಳನ್ನು ಹಾಕಿಕೊಳ್ಳಿ. ಗಮನಿಸಬೇಕಾದ್ದು, 10 ಜನ ಬೇಕಾದ ಕಂಪನಿ 10 ಸೀಟಿನ ಬ್ಯಾಚ್ ಕೇಳಿದರೆ ಕೊನೆಗೆ ಉಳಿಯುವವರು ಮೂರು ನಾಲ್ಕು ಜನ. ಆಮೇಲೆ "ಯೋಜನೆ ಫೇಲ್" ಎಂದು ವರದಿ ಬರೆಯುತ್ತಾರೆ. ಯೋಜನೆ ಕೆಟ್ಟಿರಲಿಲ್ಲ, ಭಾಗಾಕಾರ ಮಾಡಿರಲಿಲ್ಲ.

ಇದೇ ಲೆಕ್ಕ ತರಬೇತಿ ಸಂಸ್ಥೆಗೂ ಒಂದು ಎಚ್ಚರಿಕೆ. 22 ಜನ ಮುಗಿಸಿ 16 ಜನಕ್ಕೆ ಆಫರ್ ಸಿಕ್ಕರೆ ಉಳಿದ ಆರು ಜನ ಎಲ್ಲಿಗೆ ಹೋಗಬೇಕು? ಒಂದೇ ಕಂಪನಿಯ ಅಳತೆಗೆ ಹೊಲಿದ ಅಂಗಿ ಬೇರೆಯವರಿಗೆ ಆಗುವುದಿಲ್ಲ. ಅದೇ ಕ್ಷೇತ್ರದ ಕನಿಷ್ಠ ಎರಡು ಮೂರು ಕಂಪನಿಗಳ ಮೊದಲ ಗುಂಪಿನ ಕಾರ್ಡುಗಳನ್ನು ಹೋಲಿಸಿ, ಸಾಮಾನ್ಯವಾಗಿರುವುದನ್ನು ಪಠ್ಯದ ಬೆನ್ನೆಲುಬು ಮಾಡಿಕೊಂಡು, ಪ್ರತಿ ಕಂಪನಿಯ ವಿಶೇಷಕ್ಕೆ ಕೊನೆಯ ವಾರ ಬಿಟ್ಟರೆ ಈ ಗಂಡಾಂತರ ತಪ್ಪುತ್ತದೆ.

ವಾರಗಳ ಲೆಕ್ಕವೂ ಹಾಗೇ. ಕೆಲಸ ಬಿಡಿಸಿ ನೋಡಿ ಪಠ್ಯ ಸರಿಮಾಡಲು 2 ವಾರ, ಜನರನ್ನು ಹುಡುಕಲು 4, ದಾಖಲಾತಿಗೆ 2, ತರಬೇತಿಗೆ 12. ಒಟ್ಟು 20 ವಾರ. "ಮುಂದಿನ ತಿಂಗಳು ಹದಿನೈದು ಜನ ಬೇಕು" ಎಂದು ಮೊದಲ ಸಲ ಫೋನ್ ಮಾಡುವ ಕಂಪನಿಗೆ ಪ್ರಾಮಾಣಿಕ ಉತ್ತರ "ಆಗುವುದಿಲ್ಲ" ಎಂಬುದೇ. ಇನ್ನು ಕಂಪನಿಯ ಕಡೆಯಿಂದ ಆಗುವ ದೊಡ್ಡ ಅನಾಹುತ, ಬ್ಯಾಚ್ ಮುಗಿಯುವ ಹೊತ್ತಿಗೆ ನೇಮಕಾತಿಗೆ ತಡೆ ಬೀಳುವುದು. ಆರು ವಾರ ಕಾಯಿರಿ ಅಂದರೆ ಕಾಯುವ ಶಕ್ತಿ ಈ ಜನಕ್ಕಿಲ್ಲ, ಸಿಕ್ಕಿದ ಕೂಲಿಗೆ ಹೋಗುತ್ತಾರೆ, ಕಲಿತದ್ದು ಕೈಬಿಟ್ಟುಹೋಗುತ್ತದೆ. ಆದ್ದರಿಂದ ತಡೆ ಬೀಳುವ ಸುಳಿವು ಸಿಕ್ಕ ದಿನವೇ ಸಂಸ್ಥೆಗೆ ತಿಳಿಸುವುದು ಒಪ್ಪಂದದ ಒಂದು ಷರತ್ತಾಗಿರಬೇಕು.

ಎರಡು ಪುಟದ ಒಪ್ಪಂದ

ಒಪ್ಪಂದ ಎರಡು ಪುಟ ಮೀರಿದರೆ ಅದನ್ನು ಯಾರೂ ಓದುವುದಿಲ್ಲ. ಕೆಲಸದ ಖಾತರಿ ಬರೆಯಬೇಡಿ, ಸಂದರ್ಶನದ ಖಾತರಿ ಬರೆಯಿರಿ: ಪರೀಕ್ಷೆ ಪಾಸಾದ ಎಲ್ಲರನ್ನೂ ಸಂದರ್ಶಿಸುತ್ತೇವೆ, ಐದು ಕೆಲಸದ ದಿನದೊಳಗೆ ಉತ್ತರ ಕೊಡುತ್ತೇವೆ, ಬೇಡ ಅಂದವರಿಗೆ ಕಾರಣ ಒಂದು ಸಾಲಿನಲ್ಲಿ ಬರೆಯುತ್ತೇವೆ. ಆ ಒಂದು ಸಾಲೇ ಮುಂದಿನ ಬ್ಯಾಚಿನ ಪಠ್ಯ. ಆರಂಭದ ಸಂಬಳ, ಪಾಳಿ, ಕೆಲಸ ಕಾಯಂ ಆಗುವ ಅವಧಿ, ಮೊದಲ ಏರಿಕೆ ಯಾವಾಗ, ಇವು ಅಂಕಿಯಲ್ಲಿ ಇರಬೇಕು. ಎರಡೂ ಕಡೆ ಒಬ್ಬೊಬ್ಬ ಹೊಣೆಗಾರರು, ಅವರಿಗೆ ಒಬ್ಬೊಬ್ಬ ಬದಲಿ. ಬದಲಿಯ ಹೆಸರು ಇಲ್ಲದ ಒಪ್ಪಂದ ಆ ಹೊಣೆಗಾರರು ಕೆಲಸ ಬಿಟ್ಟ ದಿನ ಅನಾಥವಾಗುತ್ತದೆ. ಅಭ್ಯರ್ಥಿಯ ಯಾವ ಮಾಹಿತಿ ಕಂಪನಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದಕ್ಕೆ ಅಭ್ಯರ್ಥಿಯದೇ ಲಿಖಿತ ಒಪ್ಪಿಗೆ ಬೇಕು. ಆಪ್ತ ಸಮಾಲೋಚಕರ ಹತ್ತಿರ ಹೇಳಿಕೊಂಡ ಮನೆಯ ಕಷ್ಟ ಎಚ್‌ಆರ್ ಕಡತಕ್ಕೆ ಸೇರಕೂಡದು.

ಹಣದ ವಿಷಯದಲ್ಲಿ ಒಂದೇ ಗೆರೆ ಅಚ್ಚಳಿಯದೆ ಇರಲಿ: ಕೆಲಸ ಕೊಡಿಸಿದ್ದಕ್ಕೆ ಕೆಲಸಗಾರರಿಂದ ಹಣ ಇಲ್ಲ, ನೇರವಾಗಿಯೂ ಇಲ್ಲ, ಸಂಬಳದಲ್ಲಿ ಮುರಿದುಕೊಂಡೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆ ಖಾಸಗಿ ಉದ್ಯೋಗ ಏಜೆನ್ಸಿಗಳಿಗೆ ವಿಧಿಸಿರುವ ಸಾಮಾನ್ಯ ನಿಯಮವೂ ಇದೇ. ಕಂಪನಿ ಏನು ಕೊಡಬೇಕು ಅನ್ನುವುದಕ್ಕೆ ಹಲವು ದಾರಿ. 2000ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಇಯರ್ ಅಪ್ ಎಂಬ ತರಬೇತಿ ಸಂಸ್ಥೆ ಅನುಸರಿಸಿದ ಮಾದರಿ ಗಮನಿಸುವಂಥದ್ದು: ಆರು ತಿಂಗಳು ತರಗತಿ, ಆರು ತಿಂಗಳು ಕಂಪನಿಯಲ್ಲಿ ಇಂಟರ್ನ್‌ಷಿಪ್, ಕಲಿಯುವವರಿಗೆ ಸ್ಟೈಪೆಂಡ್ (ಕಲಿಕೆಯ ಅವಧಿಯ ಭತ್ಯೆ), ಇಂಟರ್ನನ್ನು ತೆಗೆದುಕೊಂಡ ಕಂಪನಿಯಿಂದ ಸಂಸ್ಥೆಗೆ ಹಣ. ಅಲ್ಲಿ ತಡವಾಗಿ ಬಂದರೆ, ಕೆಲಸ ಒಪ್ಪಿಸದಿದ್ದರೆ ಅಂಕ ಕಳೆಯುತ್ತದೆ, ಅಂಕದ ಜೊತೆ ಸ್ಟೈಪೆಂಡೂ ಕಡಿತವಾಗುತ್ತದೆ. ಅಂಕ ಪೂರ್ತಿ ಮುಗಿದರೆ ತಮ್ಮನ್ನು ತಾವೇ ಕೆಲಸದಿಂದ ತೆಗೆದುಕೊಂಡ ಹಾಗೆ. ಕಂಪನಿ ಹಣ ಕೊಟ್ಟಾಗ ಮೇಲಿನವರ ಗಮನವೂ ಬರುತ್ತದೆ. ಪುಕ್ಕಟೆ ಬಂದ ಇಂಟರ್ನ್ ಫೋಟೊಕಾಪಿ ಯಂತ್ರದ ಮುಂದೆ ಆರು ತಿಂಗಳು ನಿಲ್ಲುವುದುಂಟು.

ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಖಾತೆಯಿಂದ ಮಾತ್ರ ಹಣ ಬರುವ ಪಾಲುದಾರಿಕೆಯನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಆ ಖಾತೆಯವರಿಗೆ ಸಮಾರಂಭ ಬೇಕು, ಉತ್ಪಾದನೆಯವರಿಗೆ ಜನ ಬೇಕು. ಖರ್ಚಿನ ಒಂದು ಪಾಲಾದರೂ ನೇಮಕಾತಿಯ ಬಜೆಟ್ಟಿನಿಂದ ಬರಲಿ.

ಪರೀಕ್ಷೆ ಒಂದೇ ಇರಲಿ

ತರಬೇತಿಯ ಕೊನೆಯ ಪರೀಕ್ಷೆ ಮತ್ತು ಕಂಪನಿಯ ಆಯ್ಕೆ ಪರೀಕ್ಷೆ ಬೇರೆ ಬೇರೆ ಆದರೆ ಎರಡೂ ದಂಡ. ಕೆಲಸದ ಒಂದು ತುಂಡನ್ನೇ ಪರೀಕ್ಷೆ ಮಾಡಿ: ಇಪ್ಪತ್ತು ನಿಮಿಷ, ಹತ್ತು ತುಣುಕು ಅಳೆದು ಪಾಸು ಫೇಲು ವಿಂಗಡಿಸಿ ಫಾರಂ ತುಂಬುವುದು, ಅಥವಾ ಹದಿನೈದು ವಸ್ತುಗಳ ಪಟ್ಟಿ ಹಿಡಿದು ಆಯ್ದು ತರುವುದು. ಎಷ್ಟು ತಪ್ಪಿಗೆ ಎಷ್ಟು ಅಂಕ ಎಂದು ಮೊದಲೇ ಬರೆದಿರಲಿ. ಅಂಕ ಹಾಕುವವರು ಮುಂದೆ ಅವರಿಂದ ಕೆಲಸ ತೆಗೆಯುವ ಸೂಪರ್‌ವೈಸರೇ ಆಗಿರಲಿ. ತಾನೇ ಪಾಸು ಮಾಡಿದವರನ್ನು ಆಮೇಲೆ "ಯಾರೋ ಕಳಿಸಿದವರು" ಅನ್ನಲು ಬಾಯಿ ಬರುವುದಿಲ್ಲ.

ಸಂದರ್ಶನದಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ನಾಲ್ಕು ಪ್ರಶ್ನೆ ಇರಲಿ. "ನಿಮ್ಮ ಬಗ್ಗೆ ಹೇಳಿ" ಅನ್ನುವ ಪ್ರಶ್ನೆ ಬಿಟ್ಟುಬಿಡಿ, ಅದು ಮಾತುಗಾರರನ್ನು ಆರಿಸುತ್ತದೆ.

ಮೊದಲ ಸಂಬಳದವರೆಗಿನ ದಾರಿ

ಇನ್ನೊಂದು ತುದಿಗೆ ಬಂದೆವು. ಆಫರ್ ಕೊಟ್ಟ ದಿನಕ್ಕೂ ಸೇರುವ ದಿನಕ್ಕೂ ಹತ್ತು ದಿನಕ್ಕಿಂತ ಹೆಚ್ಚು ಅಂತರ ಬೇಡ. ಗುರುತಿನ ಚೀಟಿ, ಬ್ಯಾಂಕ್ ಖಾತೆ, ವೈದ್ಯಕೀಯ ತಪಾಸಣೆ ಇವನ್ನು ತರಬೇತಿಯ ಎರಡನೇ ವಾರದಲ್ಲೇ ಶುರು ಮಾಡಬೇಕು. ಹೆಸರಿನ ಒಂದು ಅಕ್ಷರ ಎರಡು ದಾಖಲೆಗಳಲ್ಲಿ ಬೇರೆ ಬೇರೆ ಇದ್ದರೆ ಅದನ್ನು ಸರಿಪಡಿಸಲು ವಾರಗಳು ಬೇಕು. ಅದು ತಿಳಿಯುವುದು ಸೇರುವ ಹಿಂದಿನ ದಿನ ಆಗಬಾರದು.

ಈಗ ಸಂಬಳದ ಪಟ್ಟಿ ನೋಡಿ. ಕಂಪನಿಯ ಹಾಜರಿ ಲೆಕ್ಕ ಪ್ರತಿ ತಿಂಗಳ 20ಕ್ಕೆ ಮುಗಿಯುತ್ತದೆ, ಸಂಬಳ ತಿಂಗಳ ಕೊನೆಗೆ ಬರುತ್ತದೆ ಅಂದುಕೊಳ್ಳಿ. ಹೊಸಬರು 22ರಂದು ಸೇರಿದರು. ಆ ತಿಂಗಳ ಪಟ್ಟಿ ಆಗಲೇ ಮುಚ್ಚಿದೆ. ಮೊದಲ ಸಂಬಳ ಬರುವುದು ಮುಂದಿನ ತಿಂಗಳ ಕೊನೆಗೆ, ಹೆಚ್ಚುಕಡಿಮೆ 39 ದಿನದ ಮೇಲೆ. ಅಷ್ಟು ದಿನ ಬಸ್ ಚಾರ್ಜು, ಮಧ್ಯಾಹ್ನದ ಊಟ, ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವ ದುಡ್ಡು ಎಲ್ಲಿಂದ? ಸ್ಟೈಪೆಂಡ್ ತರಬೇತಿಯ ಜೊತೆಗೇ ನಿಂತಿದೆ. ಮೂರನೇ ವಾರಕ್ಕೆ ಸಾಲ, ನಾಲ್ಕನೇ ವಾರಕ್ಕೆ ದಿನಗೂಲಿಗಾಗಿ ಎರಡು ದಿನ ಗೈರು, ಆಮೇಲೆ ಎಚ್ಚರಿಕೆ ಪತ್ರ, ಆಮೇಲೆ ಬಿಟ್ಟರು. ಕಡತದಲ್ಲಿ ದಾಖಲಾಗುವ ಕಾರಣ "ಶಿಸ್ತಿಲ್ಲ".

ಪರಿಹಾರ ಕಷ್ಟವೇನಲ್ಲ. ಸೇರುವ ದಿನವನ್ನು ಹಾಜರಿ ಲೆಕ್ಕ ಮುಗಿಯುವ ದಿನಕ್ಕೆ ಎರಡು ವಾರ ಮುಂಚೆ ಇಟ್ಟರೆ ಅದೇ ತಿಂಗಳ ಕೊನೆಗೆ ಒಂದಷ್ಟು ಕೈಸೇರುತ್ತದೆ. ಅದಾಗದಿದ್ದರೆ ಮೊದಲ ತಿಂಗಳು ವಾರಕ್ಕೊಮ್ಮೆ ಮುಂಗಡ, ಮುರಿದುಕೊಳ್ಳುವುದು ಮೂರು ಕಂತಿನಲ್ಲಿ. ಸಂಸ್ಥೆಯಾದರೆ ಸ್ಟೈಪೆಂಡಿನ ಕೊನೆಯ ಕಂತನ್ನು ಸೇರಿದ ಎರಡನೇ ವಾರಕ್ಕೆ ಉಳಿಸಿ ಕೊಡಬಹುದು. ಪ್ರಯಾಣದ ಪಾಸು, ಸುರಕ್ಷತಾ ಬೂಟು ಮೊದಲ ದಿನವೇ ಕೈಯಲ್ಲಿರಲಿ. ಬೂಟಿನ ಹಣವನ್ನು ಮೊದಲ ಸಂಬಳದಲ್ಲಿ ಮುರಿಯುವ ಕಂಪನಿಗಳಿವೆ, ದಯವಿಟ್ಟು ಆ ಪದ್ಧತಿ ಬಿಡಿ.

ಸೇರಿದ ಮೇಲೆ ಸಂಸ್ಥೆಯ ಸಮಾಲೋಚಕರು 1, 3, 7, 14, 30, 60, 90ನೇ ದಿನ ಮಾತಾಡಿಸಬೇಕು. ಮೊದಲ ವಾರದ ಕರೆ ಎರಡು ನಿಮಿಷದ್ದು ಸಾಕು: ದಾರಿ ಸರಿಯಾಯಿತೇ, ಊಟಕ್ಕೆ ಯಾರ ಜೊತೆ ಕೂತಿರಿ, ಅರ್ಥವಾಗದೆ ಸುಮ್ಮನಿದ್ದದ್ದು ಏನು. ಮೂರನೇ ಪ್ರಶ್ನೆಗೆ ಬರುವ ಉತ್ತರವೇ ಬೆಲೆಯುಳ್ಳದ್ದು. 7 ಮತ್ತು 30ನೇ ದಿನ ಸೂಪರ್‌ವೈಸರ್‌ಗೂ ಫೋನ್ ಮಾಡಿ, ಕೇಳುವುದು ಒಂದೇ: ಈ ವಾರ ಯಾವ ಒಂದು ವಿಷಯ ಸುಧಾರಿಸಬೇಕು? ಹತ್ತು ದೂರುಗಳ ಪಟ್ಟಿ ಕೇಳಿದರೆ ಯಾವುದೂ ಸರಿಯಾಗುವುದಿಲ್ಲ.

ಹೊಸಬರು "ಎನ್‌ಜಿಒದಿಂದ ಬಂದವರು" ಎಂದು ಕೆಲಸದ ಜಾಗದಲ್ಲಿ ಸಾರುವ ಅಗತ್ಯವಿಲ್ಲ. ಬೇರೆ ಬಣ್ಣದ ಬ್ಯಾಡ್ಜು, ಸ್ವಾಗತ ಫಲಕ, ಪತ್ರಿಕೆಯವರು, ಯಾವುದೂ ಬೇಡ. ಅದೇ ಕೆಲಸಕ್ಕೆ ಉಳಿದವರಿಗೆ ಕೊಡುವ ಸಂಬಳವನ್ನೇ ಕೊಡಿ. ಕಡಿಮೆ ಕೊಟ್ಟರೆ ಹಳಬರಿಗೆ ತಮ್ಮ ಸಂಬಳಕ್ಕೂ ಕುತ್ತು ಬಂತು ಅನ್ನಿಸುತ್ತದೆ, ಅದು ತಪ್ಪು ಎಣಿಕೆಯೂ ಅಲ್ಲ. ಕಾರ್ಮಿಕ ಸಂಘ ಇರುವ ಕಡೆ ಮೊದಲ ಸಭೆಗೇ ಅವರನ್ನು ಕರೆಯಿರಿ. ಆಗ ಹೇಳಿದ ಮಿಲ್ವಾಕಿಯ ಸಂಸ್ಥೆ ಕಾರ್ಮಿಕ ಸಂಘಗಳೂ ಉದ್ದಿಮೆದಾರರೂ ಕೂಡಿ ನಡೆಸುವಂಥದ್ದು.

ಯಾರು ಏನು ಎಣಿಸುತ್ತಾರೆ

ದಾನಿಗಳು ದಾಖಲಾತಿ ಎಣಿಸಿದರೆ ಸಂಸ್ಥೆ ತರಗತಿ ತುಂಬಿಸುತ್ತದೆ. ಪ್ಲೇಸ್‌ಮೆಂಟ್ ಎಣಿಸಿದರೆ ಮೊದಲ ದಿನದ ಹಾಜರಿ ಹಾಕಿಸಿ ಕೈತೊಳೆದುಕೊಳ್ಳುತ್ತದೆ. 90ನೇ ದಿನದ ಉಳಿಕೆ ಎಣಿಸಿದರೆ ಪರವಾಗಿಲ್ಲ, ಆದರೆ ಆಗ ಹೇಗಿದ್ದರೂ ಕೆಲಸ ಸಿಗುವಂಥ ಗಟ್ಟಿಗರನ್ನೇ ಆರಿಸಿ ಸೇರಿಸಿಕೊಳ್ಳುವ ಚಾಳಿ ಶುರುವಾಗುತ್ತದೆ. ಅದಕ್ಕೆ ಉಳಿಕೆಯ ಪಕ್ಕದಲ್ಲೇ ಇನ್ನೊಂದು ಕಾಲಂ ಇಡಿ: ಸೇರುವ ಮೊದಲಿನ ಆರು ತಿಂಗಳಲ್ಲಿ ಆ ವ್ಯಕ್ತಿಗೆ ಕೆಲಸ ಇತ್ತೇ, ಎಷ್ಟು ಗಳಿಸುತ್ತಿದ್ದರು.

ಕಂಪನಿಯವರು ತಮ್ಮ ಕಡೆ ಎಣಿಸಬೇಕಾದ್ದು, ಒಬ್ಬರು ಬಿಟ್ಟುಹೋದರೆ ಆಗುವ ಖರ್ಚನ್ನು ಗಂಟೆಗಳಲ್ಲಿ. ಜಾಹೀರಾತು, ಸಂದರ್ಶನ, ಕಾಗದಪತ್ರ, ಸೂಪರ್‌ವೈಸರ್ ಕಲಿಸಲು ಕೊಟ್ಟ ಸಮಯ, ಹೊಸಬರ ಕೈಯಲ್ಲಿ ಹಾಳಾದ ಸರಕನ್ನು ಸರಿಮಾಡಿದ ಸಮಯ, ಖಾಲಿ ಜಾಗ ತುಂಬಲು ಉಳಿದವರು ಮಾಡಿದ ಓವರ್‌ಟೈಮ್. ಒಮ್ಮೆ ಒಂದು ಹುದ್ದೆಗೆ ಇದನ್ನು ಕೂಡಿಸಿ ನೋಡಿದ ಮೇಲೆ ಸಮಾಲೋಚಕರ ಸಂಬಳದಲ್ಲಿ ಪಾಲು ಕೊಡುವುದು ದುಬಾರಿ ಅನ್ನಿಸುವುದಿಲ್ಲ.

ಸಭೆಯಲ್ಲಿ ಬಂದ ಮೂರು ಪ್ರಶ್ನೆಗಳು

ಇಷ್ಟೆಲ್ಲ ಕಲಿಸಿದ ಮೇಲೆ ಪಕ್ಕದ ಕಂಪನಿ ಎಳೆದುಕೊಂಡು ಹೋದರೆ ಎಂದು ಒಬ್ಬರು ಕೇಳಿದರು. ಬಾಂಡ್ ಬರೆಸಿಕೊಳ್ಳಬಹುದೇ? ಬೇಡ. ಬಾಂಡ್ ಹಿಡಿದಿಟ್ಟುಕೊಳ್ಳುವುದು ಮನಸ್ಸಿಲ್ಲದ ಕೈಗಳನ್ನು. ಆರನೇ ತಿಂಗಳಿಗೆ ಒಂದು, ಹನ್ನೆರಡನೇ ತಿಂಗಳಿಗೆ ಒಂದು ಸಂಬಳ ಏರಿಕೆಯನ್ನು ಆಫರ್ ಪತ್ರದಲ್ಲೇ ಅಂಕಿ ಸಮೇತ ಬರೆಯಿರಿ, ಯಾವ ಕೌಶಲ ತೋರಿಸಿದರೆ ಅದು ಸಿಗುತ್ತದೆ ಅನ್ನುವುದನ್ನೂ.

ಹಿನ್ನೆಲೆ ಪರಿಶೀಲನೆಯ ಪ್ರಶ್ನೆ ಬಂತು. ಹಳೆಯ ಶಿಕ್ಷೆ ಇರುವವರು ಬ್ಯಾಚಿನಲ್ಲಿದ್ದರೆ? ಯಾವ ಹುದ್ದೆಗೆ ಯಾವ ಅಪರಾಧ ಅಡ್ಡಿ ಎಂಬುದನ್ನು ತರಬೇತಿಗೆ ಸೇರಿಸಿಕೊಳ್ಳುವ ಮೊದಲೇ ಬರೆದು ಕೊಡಿ. 12 ವಾರ ಕಲಿಸಿ ಕೊನೆಗೆ ಬೇಡ ಅನ್ನುವುದು ಕ್ರೌರ್ಯ, ದುಂದೂ ಹೌದು. ಇನ್ನೂ ಮುಂದೆ ಹೋದವರಿದ್ದಾರೆ: ನ್ಯೂಯಾರ್ಕ್ ರಾಜ್ಯದ ಯಾಂಕರ್ಸ್‌ನ, 1982ರಲ್ಲಿ ಶುರುವಾದ ಗ್ರೇಸ್ಟನ್ ಬೇಕರಿ, ಪಟ್ಟಿಯಲ್ಲಿ ಹೆಸರು ಬರೆಸಿದವರನ್ನು ಸರದಿ ಬಂದಾಗ ಸಂದರ್ಶನವನ್ನೂ ಹಿನ್ನೆಲೆ ಪರಿಶೀಲನೆಯನ್ನೂ ಮಾಡದೆ ಕೆಲಸಕ್ಕೆ ಕರೆಯುವ ಪದ್ಧತಿಗೆ ಹೆಸರಾದದ್ದು.

ಕೊನೆಯದು ಸಣ್ಣ ಉದ್ದಿಮೆಯೊಬ್ಬರದು: ನಮಗೆ ವರ್ಷಕ್ಕೆ ಇಬ್ಬರು ಸಾಕು, ನಮಗೆಲ್ಲಿ ಬ್ಯಾಚ್? ನಿಮ್ಮ ಹಾಗೇ ಇಬ್ಬರು ಮೂವರು ಬೇಕಾದ ಏಳೆಂಟು ಜನ ಅಕ್ಕಪಕ್ಕದಲ್ಲೇ ಇರುತ್ತಾರೆ. ಅವರನ್ನು ಕೂಡಿಸಿಕೊಂಡು ಒಂದು ಬ್ಯಾಚ್ ಕೇಳಿ. ಅದಕ್ಕೂ ಮೊದಲು, ಈಗ ನಡೆಯುತ್ತಿರುವ ಬ್ಯಾಚಿನ ತರಗತಿಗೆ ಒಂದು ಮಧ್ಯಾಹ್ನ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಹೋಗುವಾಗ ತಿರಸ್ಕೃತ ಭಾಗಗಳ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಿ.